ಒಗರು

ಕುಷ್ಟಗಿಯ ದಾಳಿಂಬೆ ಶೆಡ್ಡಿನಲ್ಲಿ
ಕೊನೆಯ ಲಾರಿ ಹೋದ ಮೇಲೆ
ಬೆನ್ವಾ ಸಾಹೇಬ ಚೀಲದಿಂದ ಬಾಟಲಿ ತೆಗೆದ.
ತಮ್ಮನ ತೋಟದ್ದಂತೆ. ವಯಸ್ಸು ಹದಿನಾಲ್ಕು ತಿಂಗಳು.
ಸ್ಟೀಲ್ ಲೋಟ ಬೇಡವೆಂದ, ಬಣ್ಣ ಕಾಣಬೇಕು.
ಸಕ್ಕರೆ ಅಳೆಯುವ ಮೇಜಿನಿಂದ
ಬೀಕರು ನಾಲ್ಕು ತೊಳೆದು ತಂದೆ.
ಐವತ್ತರ ಗೆರೆಗೆ ಸರಿಯಾಗಿ ಸುರಿದ,
ನಾಲ್ವರಿಗೂ, ಒಂದೇ ಬಾಟಲಿಯಿಂದ.

ಟ್ಯೂಬ್‌ಲೈಟಿಗೆ ಹಿಡಿದರೆ ನಡುವೆ ಕಪ್ಪು,
ಅಂಚಿಗೆ, ನೇರಳೆಹಣ್ಣು ಕದ್ದು ತಿಂದ ಹುಡುಗನ ನಾಲಿಗೆ.
ಡ್ರೈವರ್ ಖಾಜಾ ಮೂಸಿ, ‘ನನಗ್ಯಾಕ್ರಿ’ ಅಂತ
ತನ್ನದನ್ನೂ ನನ್ನ ಬೀಕರಿಗೆ ಬಗ್ಗಿಸಿದ.
ಲೆಕ್ಕದ ಶರಣಪ್ಪ ಒಂದೇ ಗುಟುಕಿಗೆ ಮುಖ ಕಿವುಚಿದ:
‘ಕೆಟ್ಟೈತಿ ಬಿಡ್ರಿ ಇದು.’

ದಿನಕ್ಕೆ ನೂರು ಕಾಳು ಕಚ್ಚಿ ಉಗುಳುವ ನಾಲಿಗೆ ನನ್ನದು.
ಗಲ್ಲದ ಒಳಗೋಡೆ ಸೇದಿಕೊಂಡಿತು,
ಹಲ್ಲಿಗೆ ನಾಲಿಗೆ ತಾಗಿದರೆ ಗರಗರ.
ಹಸಿ ಬಾಳೆಕಾಯಿ. ಹೊಟ್ಟೆ ಕೆಟ್ಟಾಗ
ಅವ್ವ ಅರೆದು ಕುಡಿಸಿದ ದಾಳಿಂಬೆ ಸಿಪ್ಪೆ.
ಅಲ್ಲ, ಅದಕ್ಕೂ ಹಿಂದಿನದು ಏನೋ.

ಹನುಮನಾಳದ ಹಳ್ಳದ ದಂಡೆಗೆ
ನಮ್ಮಜ್ಜ ಯಮನೂರಪ್ಪ ಕುಕ್ಕರಗಾಲಲ್ಲಿ ಕೂತು
ತಂಗಡಿ ತೊಗಟೆ ನೆನೆದ ಕೆಂಪು ನೀರಿಗೆ
ಬೆರಳದ್ದಿ, ನಾಲಿಗೆ ತುದಿಗಿಟ್ಟು,
ಕಣ್ಣು ಮುಚ್ಚಿ, ಪಕ್ಕಕ್ಕೆ ಉಗುಳಿ ಹೇಳುತ್ತಿದ್ದ:
‘ಇನ್ನಾ ಸೊಕ್ಕಿನ್ಯಾಗೈತಿ.
ಮ್ಯಾಲಿಂದಷ್ಟ ಹಿಡೀತೈತಿ, ಒಳಗ ಇಳಿಯಂಗಿಲ್ಲ.’

ಬೆನ್ವಾ ಕೊಳೆತ ಹಣ್ಣಿನ ಬಕೆಟ್ಟಿಗೆ ಉಗುಳಿ
ಕಣ್ಣು ತೆರೆದ. ಹತ್ತು ವರ್ಷ ಬೇಕು ಅಂದ.
ಇದಕ್ಕೆ ನಿಮ್ಮಲ್ಲಿ ಏನಂತಾರೆ?
ಒಗರು, ಅಂದೆ. ‘ಓಗ-ರೂ,’ ಅಂತ ಅಗಿದು ನೋಡಿದ.
ಅವರಲ್ಲಿ ಟ್ಯಾನಿನ್. ತೊಗಲು ಹದಗೊಳಿಸುವ ತೊಗಟೆಯ
ಹೆಸರಿಂದಲೇ ಬಂದ ಮಾತಂತೆ.

ಆರು ವರ್ಷ ಈ ಶೆಡ್ಡಿನಲ್ಲಿ ನುಂಗಿಕೊಂಡಿದ್ದು
ಬಾಯಿಗೆ ಬಂತು:
‘ನಮ್ಮಜ್ಜನೂ ಹಿಂಗ ರುಚಿ ನೋಡತಿದ್ದ.’
‘ಏನಂದು?’ ಶರಣಪ್ಪ.
‘ತೊಗಲು ನೆನೆ ಹಾಕೋ ನೀರಿಂದು.’

ಖಾಜಾ ಕೆಮ್ಮಿದ. ಹೊರಗೆ ಹೈವೇಯಲ್ಲಿ
ಟ್ರಕ್ಕೊಂದು ಗೇರು ಬದಲಿಸಿತು.
ಶರಣಪ್ಪ ತನ್ನ ಬೀಕರನ್ನು ನೋಡಿದ,
ನನ್ನ ಬೀಕರನ್ನು ನೋಡಿದ.
ಅವನದು ನಲವತ್ತರ ಗೆರೆಯಲ್ಲಿ ನಿಂತಿತ್ತು.

ರಾತ್ರಿಯೆಲ್ಲ ಗಾಳಿ ತಾಗಿದರೆ
ಸ್ವಲ್ಪ ಮೆತ್ತಗಾಗುತ್ತದೆ, ನಾಳೆ ಮತ್ತೆ ನೋಡೋಣ,
ಅಂದ ಬೆನ್ವಾ.
ಬೀಕರುಗಳನ್ನು ಮುಚ್ಚದೆ
ಮೇಜಿನ ಮೇಲೆ ಬಿಟ್ಟು ಬಂದೆವು.