ಎರಡು ನಿಮಿಷ

ದಾವಣಗೆರೆಯ ಪ್ರೈವೇಟ್ ಬಸ್ ಸ್ಟ್ಯಾಂಡಿನ ಎದುರು ನನ್ನ ಝೆರಾಕ್ಸ್ ಅಂಗಡಿ;
ಅಂಗಡಿಯೊಳಗೆ, ಟೋನರ್ ಡಬ್ಬಿಗಳ ಹಿಂದೆ, ನನ್ನ ವೆಬ್‌ಸೈಟು.
ಬಿಳಿ ಪುಟ, ಕಪ್ಪಕ್ಷರ. ಒಂದು ಬಸ್ಸಿನ ಚಿತ್ರವೂ ಇಲ್ಲ,
ಚಿತ್ರ ಹಾಕಿದರೆ ಹಳೇ ಫೋನುಗಳು ಏದುಸಿರು ಬಿಡುತ್ತವೆ.
ಜಗಳೂರಿಗೆ ಎಷ್ಟೊತ್ತಿಗೆ, ಹೊನ್ನಾಳಿಗೆ ಎಷ್ಟೊತ್ತಿಗೆ,
ಹರಪನಹಳ್ಳಿಗೆ ಕೊನೇದು ಯಾವುದು,
ಅಮಾವಾಸ್ಯೆಗೆ ಉಕ್ಕಡಗಾತ್ರಿಗೆ ಎಷ್ಟು ಹೆಚ್ಚಿಗೆ ಬಿಡ್ತಾರೆ,
ಇಷ್ಟೇ.

ನೋಡುವವರ ಹೆಸರು ಗೊತ್ತಿಲ್ಲ, ಹೊತ್ತು ಗೊತ್ತು.
ಬೆಳಗಿನ ಐದೂಕಾಲಿಗೆ ಒಬ್ಬರು, ತಪ್ಪದೆ. ಹೂವಿನವಳಿರಬೇಕು.
ರಾತ್ರಿ ಎಂಟರ ಮೇಲೆ ಗುಂಪು ಗುಂಪಾಗಿ:
ಬಟ್ಟೆ ಅಂಗಡಿಯ ಷಟರ್ ಎಳೆದವರು,
ಆಸ್ಪತ್ರೆಯ ಮೆಟ್ಟಿಲಲ್ಲಿ ಬುತ್ತಿ ಡಬ್ಬಿ ಹಿಡಿದು ನಿಂತವರು.

ಬುಧವಾರ ಕಂಪನಿಯ ಹುಡುಗ ಬಂದ. ಕೊರಳಲ್ಲಿ ಟ್ಯಾಗು, ಮಾತಲ್ಲಿ ಬೆಣ್ಣೆ.
"ಒಂದು ಪ್ಯಾಕ್ ಬರೋದೈತೆ ಮೇಡಂ.
ಸೇರಿದರೆ ನಮ್ಮ ಸಿಮ್ಮಿನವರಿಗೆ ನಿಮ್ಮ ಪುಟ ಪುಕ್ಕಟೆ,
ಒತ್ತಿದರೆ ಫಟ್ ಅಂತ ಬರುತ್ತೆ. ನೀವು ತಿಂಗಳಿಗಿಷ್ಟು ಕೊಟ್ಟರಾಯ್ತು."
"ಕಾನೂನು ಬಿಡಲ್ವಲ್ಲಪ್ಪ."
"ಇವತ್ತು ಬಿಡಲ್ಲ. ನಾಳೆ ಬಿಟ್ಟರೆ ನಿಮ್ಮ ಹೆಸರು ಮೊದಲಿರಲಿ ಅಂತ."
"ಸೇರದಿದ್ರೆ?"
"ಸೇರದಿದ್ರೂ ಬರುತ್ತೆ, ಯಾರೂ ಬಂದ್ ಮಾಡಲ್ಲ.
ಮಾಮೂಲಿ ದಾರೀಲಿ ಬರುತ್ತೆ, ಅಷ್ಟೆ."
ಮಾಮೂಲಿ ಅನ್ನುವಾಗ ಟೀ ಲೋಟ ಒಮ್ಮೆ ತಿರುಗಿಸಿ ಇಟ್ಟ.

ಹಾಲೇಶಪ್ಪ ಮೂಲೆಯ ಸ್ಟೂಲಿನ ಮೇಲಿದ್ದ.
ಮೂವತ್ತೊಂದು ವರ್ಷ ಸ್ಟ್ಯಾಂಡಿನ ಟೈಂ ಕೀಪರ್,
ಈಗ ದಿನಾ ಬಂದು ನನ್ನ ಪುಟದ ತಪ್ಪು ತಿದ್ದುವವನು.
ಹುಡುಗ ಹೋದ ಮೇಲೂ ಬಾಯಿ ಬಿಡಲಿಲ್ಲ.
ಮಂಡಕ್ಕಿ ಪೊಟ್ಟಣ ಖಾಲಿ ಮಾಡಿ, ಕಾಗದವನ್ನು ನಾಲ್ಕು ಮಡಿಕೆ ಮಡಿಸಿ ಅಂದ:

"ಶಾಹೀನಾ, ತಿಪ್ಪೇರುದ್ರನ ಬಸ್ಸು ನಿನಗೆ ನೆನಪಿಲ್ಲ.
ಒಂದೇ ಬಸ್ಸು ಅವನದು, ಚನ್ನಗಿರಿ ರೂಟು, ನೀಲಿ ಬಣ್ಣ.
ಹನ್ನೆರಡು ಬಸ್ಸಿನ ಸಾವ್ಕಾರ ಒಬ್ಬ ಕವರು ತಂದುಕೊಟ್ಟ.
ಮಗಳ ಆಪರೇಷನ್ನು. ಇಸ್ಕೊಂಡೆ.
ತಿಪ್ಪೇರುದ್ರನ ಬಸ್ಸು ನಾನು ತಡೀಲಿಲ್ಲಮ್ಮ,
ಟ್ರಿಪ್ ಶೀಟು ಹರೀಲಿಲ್ಲ.
ಸೀಟಿ ಮಾತ್ರ ಎರಡು ನಿಮಿಷ ತಡವಾಗಿ ಊದ್ತಿದ್ದೆ.

ಯಾರಿಗೂ ಗೊತ್ತಾಗಲಿಲ್ಲ. ಅವನಿಗೂ.
ಮೊದಲು ದಿನಕ್ಕೆ ಮೂರು ಜನ ಕಡಿಮೆ ಆದರು,
ಆಮೇಲೆ ಎಂಟು.
ಇಂಜಿನ್ನು ಬಿಚ್ಚಿಸಿದ, ಡ್ರೈವರನ್ನ ಬೈದ,
ನಿಂಬೆಹಣ್ಣು ಕಟ್ಟಿದ.
ಯುಗಾದಿ ಹೊತ್ತಿಗೆ ಗುಜರಿಗೆ ಹಾಕಿದ.
ನನ್ನ ಹತ್ರಾನೇ ಬಂದು ಟೀ ಕುಡಿಸಿ ಕೇಳಿದ,
'ನನ್ನ ಬಸ್ಸಲ್ಲಿ ಏನು ದೋಷ ಇತ್ತು ಹಾಲೇಶಣ್ಣ?'"

ಪ್ಲಾಟ್‌ಫಾರ್ಮಿನ ಗಡಿಯಾರ ಇಲ್ಲಿಂದ ಕಾಣುತ್ತದೆ.
ಗಾಜಿನೊಳಗೆ ಧೂಳು ತುಂಬಿ ಮುಳ್ಳು ಮಸುಕಾಗಿದೆ, ಆದರೂ
ಯಾರು ಬೇಕಾದರೂ ಕತ್ತೆತ್ತಿ ನೋಡಬಹುದು,
ನೋಡಿ ಜಗಳಕ್ಕೆ ನಿಲ್ಲಬಹುದು.
ನನ್ನ ಪುಟ ಹೋಗುವ ದಾರಿಯಲ್ಲಿ ಸೀಟಿ ಊದುವವನ ಮುಖ
ನಾನು ಕಂಡಿಲ್ಲ.

ಆ ದಿನದಿಂದ ನನಗೊಂದು ಚಟ.
ಪುಟ ತೆರೆಯುವಾಗ ಆ ಚಕ್ರ ಸುತ್ತುತ್ತದಲ್ಲ,
ಸುತ್ತುವಷ್ಟು ಹೊತ್ತು ಎಣಿಸುತ್ತೇನೆ:
ಒಂದು. ಎರಡು. ಮೂರು. ನಾಲ್ಕು.
ಟವರಿನ ತಪ್ಪೋ, ಗಾಳಿಯದೋ, ನನ್ನ ಕೋಡಿನದೋ,
ಇಲ್ಲಾ ಯಾರದೋ ತುಟಿಯ ಮೇಲೆ ಸೀಟಿ ಕಾಯುತ್ತಿದೆಯೋ.
ಈ ಅನುಮಾನಕ್ಕೂ ಬಾಡಿಗೆ ಬರುವಂತಿದ್ದರೆ
ಇಷ್ಟೊತ್ತಿಗೆ ಅಂಗಡಿ ದೊಡ್ಡದು ಮಾಡುತ್ತಿದ್ದೆ.

ಫಾರಂ ಇನ್ನೂ ಡ್ರಾಯರಿನಲ್ಲಿದೆ. ತುಂಬಿಲ್ಲ,
ಹರಿದೂ ಇಲ್ಲ.

ಈಗ ಬಾಗಿಲಲ್ಲಿ ಒಬ್ಬ ಹೆಂಗಸು, ಕಂಕುಳಲ್ಲಿ ನಿದ್ದೆಗಣ್ಣಿನ ಕೂಸು,
ಕೈಯಲ್ಲಿ ಬಿರುಕು ಗಾಜಿನ ಫೋನು, ಪರದೆಯ ಮೇಲೆ ನನ್ನದೇ ಪುಟ,
ಚಕ್ರ ಸುತ್ತುತ್ತಿದೆ.
"ಅಕ್ಕಾ, ಇದು ಬರವಲ್ದು. ಜಗಳೂರಿನ ಕೊನೇ ಬಸ್ಸು ಹೋತೇನು?"
ಹಾಲೇಶಪ್ಪ ಪುಟ ನೋಡಲಿಲ್ಲ, ಫೋನು ನೋಡಲಿಲ್ಲ,
ಕತ್ತೆತ್ತಿ ಗಡಿಯಾರ ನೋಡಿದ:
"ಓಡವ್ವ,
ಇನ್ನೂ ಎರಡು ನಿಮಿಷ ಐತೆ."