ಎರಡು ಸಲ ಜರಡಿ

ನಮ್ಮ ಮಂಡಕ್ಕಿ ಭಟ್ಟಿಯ ಬಾಣಲೆಯ ತಳದಲ್ಲಿ
ಕಾಗೆ ಹೆಜ್ಜೆಯಂಥ ಬಾಣದ ಗುರುತು.
ಎಂಬತ್ತು ವರ್ಷದ ಮಸಿ ಹೊದ್ದರೂ
ತಡವಿದರೆ ಬೆರಳಿಗೆ ಸಿಗುತ್ತದೆ.

ದಾವಣಗೆರೆಯ ರೈಲು ಹಳಿಯಾಚೆ, ಹತ್ತಿ ಜಿನ್ನಿನ ಬೆನ್ನಿಗೆ
ಕ್ರೋಲಿ ಸಾಹೇಬನ ಎರಕದ ಕಾರ್ಖಾನೆ.
ಮೈಸೂರಿನ ನೆಲ, ಲಂಡನ್ನಿನ ಲೆಕ್ಕ, ಭದ್ರಾವತಿಯ ಬೀಡು.
ಗಾಣದ ಉರುಳೆ, ಬಾವಿಯ ರಾಟೆ, ಜಿನ್ನಿನ ಗಾಲಿ:
ಊರಲ್ಲಿ ತಿರುಗುವುದೆಲ್ಲ ಅಲ್ಲಿಂದಲೇ ಬರುತ್ತಿತ್ತು.

ನಲವತ್ತೆರಡರ ಬೇಸಿಗೆಗೆ ರಾಟೆಯ ಅಚ್ಚು ಮೂಲೆಗೆ ಸರಿದು
ಮುಷ್ಟಿಗಾತ್ರದ ಹೊಸ ಅಚ್ಚು ಬಂತು.
ಮೈತುಂಬ ಗೀರು, ಗೀರಿನ ನಡುವೆ ಉಬ್ಬು, ಒಳಗೆ ಟೊಳ್ಳು.
"ಸೀತಾಫಲ" ಅಂದ ಅಚ್ಚುಗಾರ ಇಮಾಮಸಾಬ.
ಅಂದಿನಿಂದ ಗುಮಾಸ್ತನೂ ಹಾಗೇ ಬರೆದ:
ಸೀತಾಫಲ, ಸಾವಿರದಿನ್ನೂರು. ತಿರಸ್ಕೃತ, ನಲವತ್ತು.
"ಬೀಜ?"
"ಬೀಜ ಬೇರೆ ಊರಾಗೆ ತುಂಬ್ತಾರಂತೆ."

ಉಚ್ಚೆಂಗೆವ್ವನದು ಮರಳಿನ ಕೆಲಸ, ದಿನಕ್ಕೆ ಏಳಾಣೆ.
ಕರಿಮರಳು ಸಾಣಿಸಿ, ಬೆಲ್ಲದ ನೀರು ಚಿಮುಕಿಸಿ
ಹಿಡಿ ಹಿಡಿದು ಬಿಟ್ಟರೆ ಉದುರಬಾರದು,
ಬೆರಳ ಗೆರೆ ಮೂಡಿರಬೇಕು.
ಹಳ್ಳು ಉಳಿದರೆ ಎರಕದಲ್ಲಿ ತೂತೆಂದು ಇಮಾಮಸಾಬ ಬೈಯುವನು.
ಬೈಯಲಿ. ಯಾರದೋ ಹಣ್ಣು, ಯಾರದೋ ತೂತು.

ಆಮೇಲೆ ಬರ್ಮಾ ಗಡಿಯಿಂದ ಮೈದುನನ ಕಾಗದ.
ಅರ್ಧಕ್ಕೆ ಮಸಿ ಬಳಿದಿದ್ದರು, ಉಳಿದರ್ಧ ಗುಮಾಸ್ತ ಓದಿದ:
"ಅತ್ತಿಗೆ, ನಮಗೆ ಸೀತಾಫಲದಂಥದ್ದು ಕೊಟ್ಟಾರೆ.
ಕೀಲು ಕಿತ್ತು ನಾಕು ಎಣಿಸೋದ್ರೊಳಗೆ ಒಗೀಬೇಕು.
ಮೊನ್ನೆ ಪಕ್ಕದವನ ಕೈಯಾಗೇ"
ಮುಂದೆ ಮಸಿ.

ಆ ಮಧ್ಯಾಹ್ನ ಅವಳು ಬುತ್ತಿ ಬಿಚ್ಚಲಿಲ್ಲ.
ಮರಳನ್ನು ಎರಡು ಸಲ ಜರಡಿ ಹಿಡಿದಳು. ಮರುದಿನವೂ.
ದುರುಗಪ್ಪನ ಕೈ ಉಳಿಯಲೆಂದು.
ತಿರಸ್ಕೃತ ಸೊನ್ನೆಗಿಳಿಯಿತು. ಸಾಹೇಬ ಸೀರೆ ಕೊಟ್ಟ.
ಉಡಲಿಲ್ಲ.
ಸರಿಯಾಗಿ ಸಿಡಿದದ್ದು ಯಾರ ಮೇಲೆ ಬಿತ್ತೋ
ಅವನಿಗೂ ಒಬ್ಬ ಅತ್ತಿಗೆ ಇದ್ದಾಳು,
ಇದನ್ನು ಅವಳೇ ಅಂದದ್ದು, ತೀರಿಕೊಂಡ ವರ್ಷ,
ಸೇರಿನಲ್ಲಿ ಮಂಡಕ್ಕಿ ಅಳೆಯುತ್ತ, ಲೆಕ್ಕ ತಪ್ಪದೆ.

ಯುದ್ಧ ನಿಂತಿತು. ಕುಲುಮೆಯೂ.
ಮೂರು ತಿಂಗಳ ಬಟವಾಡೆ ಬಾಕಿ.
ಉಳಿದ ಹಣ್ಣನ್ನೆಲ್ಲ ಕರಗಿಸಿ ಇಮಾಮಸಾಬ
ಕೊನೆಯದಾಗಿ ಒಂದು ಬಾಣಲೆ ಹೊಯ್ದ,
ತಳಕ್ಕೆ ಸರ್ಕಾರಿ ಮುದ್ರೆಯೊತ್ತಿ "ಪಾಸು" ಎಂದು ನಕ್ಕ.
ಸಂಬಳದ ಬದಲು ಅದನ್ನೂ ಜರಡಿಯನ್ನೂ
ಅವಳು ತಲೆ ಮೇಲೆ ಹೊತ್ತು ಹಳಿ ದಾಟಿದಳು.

ದುರುಗಪ್ಪ ಬಂದ, ಎರಡೂ ಕೈಯಿತ್ತು.
ಅಕ್ಕಿ ಚಟಪಟ ಅರಳುವ ಹೊತ್ತಿಗೆ ಮಾತ್ರ
ಭಟ್ಟಿಯ ಕಡೆ ಸುಳಿಯುತ್ತಿರಲಿಲ್ಲ.

ಅವಳ ಸೊಸೆಯ ಸೊಸೆ ನಾನು.
ಈಗಲೂ ಮರಳನ್ನು ಎರಡು ಸಲ ಜರಡಿ ಹಿಡಿಯುತ್ತೇನೆ.
ಯಾಕೆ ಎಂದು ಗಿರಾಕಿ ಕೇಳಿದರೆ
ಹಲ್ಲಿಗೆ ಹಳ್ಳು ಸಿಗಬಾರದಲ್ಲ, ಅನ್ನುತ್ತೇನೆ.