ನಾಯಿ ಹಿಡಿಯಿರಿ

ನಾಲ್ಕು ಕಣ್ಣಿನ ಬಾಸರ್ ಸತ್ತಾಗ
(ಕಣ್ಣೆರಡು, ಅವುಗಳ ಮೇಲೆ ಕಂದು ಬೊಟ್ಟೆರಡು)
ಅಜ್ಜಿ ಯಾಂಜ್ಮಾ ಅದರ ಬಾಲ ಕೊಯ್ದು
ತಲೆಯಡಿಗಿಟ್ಟು, ಬಾಯಿಗೆ ಚೂರು ಬೆಣ್ಣೆ ಸವರಿ
ಕಿವಿಯಲ್ಲಿ ಉಸುರಿದಳಂತೆ:
ಮುಂದಿನ ಸಲ ಮನುಷ್ಯಜನ್ಮಕ್ಕೆ ಬಾ.
ಮಂಗೋಲಿಯದ ಈ ಬಯಲಲ್ಲಿ ಎಲ್ಲರೂ ಹೇಳುವ ಮಾತೇ.
ನಾಯಿಯ ಅಭಿಪ್ರಾಯ ಯಾರೂ ಕೇಳುವುದಿಲ್ಲ.

ಹತ್ತು ತಿಂಗಳಿಗೆ ನಾನು ಹುಟ್ಟಿದೆ.
ಬೆನ್ನ ಕೊನೆಯಲ್ಲೊಂದು ನೀಲಿ ಮಚ್ಚೆ.
'ಇಲ್ಲಿಯ ಕೂಸುಗಳಿಗೆಲ್ಲ ಇರುತ್ತದೆ' ಎಂದಳು ಸೂಲಗಿತ್ತಿ.
'ಇಲ್ಲೇ ಕೊಯ್ದದ್ದು' ಎಂದಳು ಅಜ್ಜಿ,
ಚಹಾಕ್ಕೆ ಉಪ್ಪು ಹಾಕಿದಳು.

ನನಗೇನೂ ನೆನಪಿಲ್ಲ. ಅಥವಾ ಇಷ್ಟೇ:
ಒಲೆಗಿಂತ ಬಾಗಿಲ ಬಳಿ ನಿದ್ದೆ ಚೆನ್ನಾಗಿ ಹತ್ತುತ್ತದೆ;
ಮೋಟಾರ್ ಸೈಕಲ್ಲು ದಿಬ್ಬದಾಚೆ ಇರುವಾಗಲೇ
ಯಾರದೆಂದು ಹೇಳಬಲ್ಲೆ;
ಕುರಿ ಎಣಿಸಲು ಸಂಖ್ಯೆ ಬೇಡ,
ಕಮ್ಮಿಯಾದದ್ದು ಮೂಗಿಗೆ ತಿಳಿಯುತ್ತದೆ.

ಏಳು ತುಂಬಿದಾಗ ಪಟ್ಟಣದ ಹಾಸ್ಟೆಲು. ಕಬ್ಬಿಣದ ಮಂಚ,
ಸಾಲು ಸಾಲು ಬೂಟು, ಕಾಯಲು ಏನೂ ಇಲ್ಲ.
ರಾತ್ರಿ ಎದ್ದು ಮಲಗಿದವರನ್ನು ಎಣಿಸಿ ಬರುತ್ತಿದ್ದೆ.
ಹದಿನೆಂಟು. ಇನ್ನೊಮ್ಮೆ, ಹದಿನೆಂಟು. ಸರಿ.

ಟೀಚರ್ ಒಯುಂಗೆರೆಲ್ ಹೇಳಿದರು: ಕತೆ ಬರೆಯಿರಿ,
ನೀವೊಂದು ಪ್ರಾಣಿಯಾಗಿದ್ದರೆ.
ಹುಡುಗರೆಲ್ಲ ತೋಳ. ಸಾರ್ನೈ ಹಂಸ.
ದಾವಾ ಮಾತ್ರ ಹಿಮಚಿರತೆಯಾಗಿ
ಹುಟ್ಟಿ ಸತ್ತು, ಹುಟ್ಟಿ ಸತ್ತು,
ಮೂರನೆಯ ಪುಟದಲ್ಲಿ ರಾಜನಾದ.
ನಾನು ಬರೆದೆ: ಬಾಗಿಲಲ್ಲಿ ಕೂತಿದ್ದೆ. ಗಾಳಿ ಬಂತು.
ಗಾಳಿ ಹೋಯಿತು. ಅವರು ಒಳಗಿದ್ದರು.
ಕೆಂಪು ಶಾಯಿ ಕೇಳಿತು: 'ಇದರ ಉದ್ದೇಶ?'

ಉತ್ತರ ಆಗ ಹೊಳೆಯಲಿಲ್ಲ. ಈಗಲೂ ಪೂರ್ತಿ ಇಲ್ಲ.
ಮನುಷ್ಯಳಾದದ್ದು ಬಡ್ತಿಯೋ,
ಇಲ್ಲಾ ಯಾರೋ ಹಚ್ಚಿದ ಕೆಲಸ
ಅರ್ಧಕ್ಕೇ ಬಿಟ್ಟು ಬಂದೆನೋ.
ಮಾತು ಬಂತು, ಬಾಲ ಹೋಯಿತು;
ಒಂದು ಖುಷಿ ಹೇಳಲು ಎಷ್ಟು ವಾಕ್ಯ ಬೇಕು ಈಗ!

ಆ ಚಳಿಗಾಲ ರಜೆಗೆ ಬಂದಾಗ ಅಜ್ಜಿ ಹಾಸಿಗೆ ಹಿಡಿದಿದ್ದಳು.
ಬಾಸರ್ ಹೋದ ಮೇಲೆ ನಾವು ನಾಯಿ ಸಾಕಿರಲಿಲ್ಲ.
ಗುಡಾರದ ಹೊರಗೆ ಯಾರೋ, ಕುದುರೆ ಇಳಿಯುವ ಮೊದಲು,
ಕೂಗಿದರು: 'ನಾಯಿ ಹಿಡಿಯಿರಿ!'
ನಾಯಿ ಇರಲಿ ಬಿಡಲಿ, ನಮ್ಮಲ್ಲಿ ಬಾಗಿಲು ತಟ್ಟುವುದೇ ಹಾಗೆ.

ಅಜ್ಜಿ ಕಣ್ಣು ತೆರೆಯದೆ ಕೈ ಚಾಚಿ
ನನ್ನ ಅಂಗಿಯ ಕೊರಳಪಟ್ಟಿ ಹಿಡಿದಳು,
ಬಿಗಿಯಾಗಿ.
ಬಂದವನು ಚಹಾ ಕುಡಿದು, ಹವಾಮಾನ ಬೈದು,
ಎದ್ದು ಹೋಗುವ ತನಕ ಬಿಡಲಿಲ್ಲ.
ನಾನೂ ಅಲುಗಲಿಲ್ಲ.